ಸೌದೆ ಕತ್ತಿ ಕೊಳ್ಳುವ ಮುನ್ನ: ಕಡಿಮೆ ದುಡ್ಡಿಗೆ ಗಟ್ಟಿ ಮಾಲು ಆರಿಸುವ ಬಗೆ

ಸೌದೆ ಕಡಿಯುವ ಕತ್ತಿಗೆ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ. ಆದರೆ ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದನ್ನು ನೋಡಬೇಕು. ಉಕ್ಕಿಗೆ, ಅದನ್ನು ಕಾಯಿಸಿ ಅದ್ದಿ ಗಟ್ಟಿ ಮಾಡುವ ಹದಕ್ಕೆ, ಹಿಡಿಗೆ ಹೋಗಿದ್ದರೆ ಆ ಕತ್ತಿ ಮಕ್ಕಳ ಕಾಲಕ್ಕೂ ಬರುತ್ತದೆ. ಹೊಳಪಿಗೆ, ಬೆನ್ನಿನ ಮೇಲೆ ಕೊರೆದ ಗರಗಸದ ಹಲ್ಲಿಗೆ, ಒರೆಯ ಮೇಲಿನ ಹುಲಿ ಮುಖಕ್ಕೆ ಹೋಗಿದ್ದರೆ ಎರಡನೇ ಮಳೆಗಾಲದ ಹೊತ್ತಿಗೆ ಅಟ್ಟ ಸೇರಿರುತ್ತದೆ.

ಮಲೆನಾಡು, ಕರಾವಳಿ, ಕೊಡಗಿನಲ್ಲಿ ಕುಲುಮೆಯ ಕತ್ತಿ ಇನ್ನೂ ಸಿಗುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಯಂಥ ಕಡೆ ನೆಲದ ಮೇಲೆ ಗೋಣಿ ಹಾಸಿ ಸಾಲಾಗಿ ಇಟ್ಟು ಮಾರುವವರೂ ಇದ್ದಾರೆ. ಹಾಗಾಗಿ ಇಲ್ಲಿ ಹೇಳುವುದು ಹೆಚ್ಚಾಗಿ ಅಂಥ ಕತ್ತಿಯ ಬಗ್ಗೆ. ಬಯಲುಸೀಮೆಯವರು ಮಚ್ಚು ಅನ್ನುವುದಕ್ಕೂ ಇದೇ ಲೆಕ್ಕ. ಆನ್‌ಲೈನ್‌ನಲ್ಲಿ ತರಿಸುವವರಿಗೆ ಬೇಕಾದದ್ದನ್ನು ಕೊನೆಯ ಹತ್ತಿರ ಹೇಳಿದ್ದೇನೆ.

ಮೊದಲು ಮರ ನೋಡಿ, ಆಮೇಲೆ ಕತ್ತಿ

ನೀವು ಕಡಿಯುವುದು ಏನನ್ನು? ಅಂಗಡಿಗೆ ಹೋಗುವ ಮೊದಲೇ ಇದಕ್ಕೆ ಉತ್ತರ ಇಟ್ಟುಕೊಳ್ಳಿ. ಬೇಲಿಯ ಲಂಟಾನ, ಗೊಬ್ಬರಗಿಡದ ಹಸಿ ಗೆಲ್ಲು, ಬಾಳೆ, ಅಡಿಕೆ ಸೋಗೆ ಇಷ್ಟೇ ಆದರೆ ನಿಮಗೆ ಭಾರದ ಕತ್ತಿ ಬೇಡ. ತೆಳು ಅಲಗು, ಉದ್ದ ಅಲಗು ಸಾಕು. ದಪ್ಪನೆಯದು ಕೊಂಡರೆ ಕೈ ಸೋಲುತ್ತದೆ, ಕೆಲಸ ಸಾಗುವುದಿಲ್ಲ. ಹಸಿ ಗೆಲ್ಲು ಬಾಗುತ್ತದೆ, ನಿಂತು ಪೆಟ್ಟು ತಿನ್ನುವುದಿಲ್ಲ. ಅದಕ್ಕೆ ಬೀಸುವ ವೇಗ ಬೇಕು, ತೂಕ ಅಲ್ಲ.

ಒಣಗಿದ ಅಕೇಶಿಯಾ, ಸಿಲ್ವರ್ ಓಕ್, ಹಲಸಿನ ಗೆಲ್ಲು, ಮತ್ತಿ, ನೇರಳೆ ಇವನ್ನು ಒಲೆಯ ಅಳತೆಗೆ ತುಂಡು ಮಾಡಬೇಕಿದ್ದರೆ ಲೆಕ್ಕ ಬದಲಾಗುತ್ತದೆ. ಒಣ ಮರ ಅಲಗನ್ನು ಕಚ್ಚಿ ಹಿಡಿಯುತ್ತದೆ. ಇಲ್ಲಿ ಬೆನ್ನು ದಪ್ಪ ಇರಬೇಕು, ಮುಂದಕ್ಕೆ ತೂಕ ಇರಬೇಕು. ನನ್ನ ಪ್ರಕಾರ ಮನೆಗೆ ಒಂದೇ ಕತ್ತಿ ಅಂದರೆ ಅಲಗು 10ರಿಂದ 12 ಇಂಚು, ಹಿಡಿಯ ಬುಡದಲ್ಲಿ ಬೆನ್ನಿನ ದಪ್ಪ 6ರಿಂದ 8 ಮಿಲಿಮೀಟರ್, ಹಿಡಿ ಸೇರಿ ತೂಕ 700ರಿಂದ 900 ಗ್ರಾಂ. ಹೆಂಗಸರು, ವಯಸ್ಸಾದವರು ಬಳಸುವುದಾದರೆ 600 ಗ್ರಾಂ ಆಸುಪಾಸಿನದ್ದನ್ನು ಹುಡುಕಿ. ಒಂದು ಕಿಲೋ ದಾಟಿದ್ದನ್ನು ಹತ್ತು ಪೆಟ್ಟು ಹಾಕುವುದು ಸುಲಭ, ಅರ್ಧ ಗಂಟೆ ಬೀಸುವುದು ಕಷ್ಟ.

ಭಾರ ಹೆಚ್ಚಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ತೂಕ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿಯೂ ಎರಡು ಪಟ್ಟಾಗುತ್ತದೆ ನಿಜ. ಆದರೆ ಬೀಸುವ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ನಿಮ್ಮ ಕೈ ವೇಗವಾಗಿ ಬೀಸಬಲ್ಲ ತೂಕವೇ ನಿಮಗೆ ಸರಿಯಾದ ತೂಕ.

ಇನ್ನೊಂದು ಮಿತಿ. ಕತ್ತಿ ಇರುವುದು ಮಣಿಕಟ್ಟಿನ ದಪ್ಪದವರೆಗಿನ ಗೆಲ್ಲಿಗೆ. ತೋಳಿನ ದಪ್ಪದ್ದನ್ನು ಹಟ ಹಿಡಿದರೆ ಕಡಿಯಬಹುದು. ತೊಡೆಯ ದಪ್ಪದ ದಿಮ್ಮಿಗೆ ಕೊಡಲಿ, ಗರಗಸ ಇವೆ. ಒಂದೇ ಕತ್ತಿಯಿಂದ ಎಲ್ಲ ಆಗಬೇಕು ಅಂತ ಹುಡುಕುವವರು ಕೊನೆಗೆ ಯಾವುದಕ್ಕೂ ಆಗದ್ದನ್ನು ತಂದುಕೊಳ್ಳುತ್ತಾರೆ. ಬಜೆಟ್ ಸಣ್ಣದಿದ್ದರೆ ಮಧ್ಯಮ ಕತ್ತಿ ಒಂದು, ಕೈಗರಗಸ ಒಂದು. ದೊಡ್ಡ ಕತ್ತಿಯೊಂದೇ ಕೊಳ್ಳುವುದಕ್ಕಿಂತ ಈ ಜೋಡಿ ಹೆಚ್ಚು ಸೌದೆ ಮಾಡುತ್ತದೆ.

ಯಾವ ಕಬ್ಬಿಣ?

ನಮ್ಮ ಕುಲುಮೆಗಳಲ್ಲಿ ಒಳ್ಳೆ ಕತ್ತಿ ಬರುವುದು ಲಾರಿ, ಬಸ್ಸು, ಜೀಪಿನ ಹಳೆ ಕಮಾನು ಪಟ್ಟಿಯಿಂದ (ಸ್ಪ್ರಿಂಗ್ ಪ್ಲೇಟು). ಅದರಲ್ಲಿ ಇಂಗಾಲದ ಅಂಶ ಸುಮಾರು 0.5ರಿಂದ 0.6 ಶೇಕಡಾ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಇರುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಲೋಡು ಹೊತ್ತು ಬಾಗಿ ಮತ್ತೆ ನೆಟ್ಟಗಾಗಲಿಕ್ಕೆಂದೇ ಮಾಡಿದ ಉಕ್ಕು ಅದು. ಪೆಟ್ಟು ತಡೆಯುವ ಗುಣವೇ ಸೌದೆ ಕತ್ತಿಗೂ ಬೇಕಾದದ್ದು. ಮನೆ ಕಟ್ಟುವ ಕಬ್ಬಿಣ, ಆಂಗಲ್, ಗೇಟಿನ ಪಟ್ಟಿ ಇವುಗಳಲ್ಲಿ ಇಂಗಾಲ 0.25 ಶೇಕಡಾಕ್ಕಿಂತ ಕಡಿಮೆ. ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅದು ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಬಣ್ಣ ಬಳಿದು ಸಾಲಾಗಿ ಇಟ್ಟಾಗ ಎರಡೂ ಒಂದೇ ಥರ ಕಾಣುತ್ತವೆ ಅನ್ನುವುದೇ ತೊಂದರೆ.

ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

“ಆಚಾರ್ರೇ, ಇದು ಎಂಥ ಪ್ಲೇಟು?”

“ಲಾರಿ ಕಮಾನು ಮಾರಾಯ್ರೇ. ಆ ಮೂಲೆಯಲ್ಲಿ ಉಳಿದ ತುಂಡು ಉಂಟಲ್ಲ, ಅದರದ್ದೇ.”

ಮೂಲೆಯಲ್ಲಿ ಬಿದ್ದ ತುಂಡು ನೋಡಿ. ಕಮಾನು ಪಟ್ಟಿಯ ನಡುವೆ ಬೋಲ್ಟಿನ ತೂತು ಇರುತ್ತದೆ, ಉದ್ದನೆಯ ಪಟ್ಟಿಯ ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ಅಂಥ ತುಂಡು ಕುಲುಮೆಯಲ್ಲಿ ಇದ್ದರೆ ಮಾತು ನಂಬಬಹುದು. ಇನ್ನೂ ಅಗ್ಗವಾಗಬೇಕೆಂದರೆ ಗುಜರಿ ಅಂಗಡಿಯಿಂದ ನೀವೇ ಒಂದು ತುಂಡು ಪಟ್ಟಿ ತಂದುಕೊಟ್ಟು ಬಡಿಯುವ ಕೂಲಿ ಮಾತ್ರ ಕೊಡಬಹುದು. ಜೀಪು, ಪಿಕಪ್ ಗಾಡಿಯ ಪಟ್ಟಿ ತೆಳುವಾದ್ದರಿಂದ ಬಡಿಯುವ ಕೆಲಸ ಕಡಿಮೆ. ದೊಡ್ಡ ಲಾರಿಯ ದಪ್ಪ ಪಟ್ಟಿಯನ್ನು ತೆಳುಮಾಡಲು ಇದ್ದಿಲೂ ಹೆಚ್ಚು, ಕೂಲಿಯೂ ಹೆಚ್ಚು.

ಹಳೆ ಪಟ್ಟಿಗೆ ಒಂದು ದೋಷ ಉಂಟು: ವರ್ಷಗಟ್ಟಲೆ ಬಾಗಿ ಎದ್ದು ಒಳಗೆ ಕೂದಲೆಳೆ ಬಿರುಕು ಬಿಟ್ಟಿರಬಹುದು. ಅದನ್ನು ಕಣ್ಣಿಂದ ಹುಡುಕುವುದು ಕಷ್ಟ, ಸೀಮೆಎಣ್ಣೆಯಿಂದ ಸುಲಭ. ಪಟ್ಟಿಯನ್ನು ಉಜ್ಜಿ ತೊಳೆದು ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಿ. ಬಿರುಕು ಇದ್ದರೆ ಒಳಗೆ ಕೂತ ಎಣ್ಣೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡ ತುಂಡು ಬೇಡ. ಸಿದ್ಧ ಕತ್ತಿಗೂ ಇದೇ ಪರೀಕ್ಷೆ ಆಗುತ್ತದೆ, ಸಂತೆಯಲ್ಲಿ ನಿಂತು ಮಾಡಲಿಕ್ಕೆ ಆಗದಿದ್ದರೂ ಮನೆಗೆ ತಂದ ದಿನ ಮಾಡಬಹುದು.

ಹದ: ನಿಜವಾದ ಬೆಲೆ ಇರುವುದು ಇಲ್ಲಿ

ಒಂದೇ ಪಟ್ಟಿಯ ಎರಡು ತುಂಡನ್ನು ಇಬ್ಬರು ಆಚಾರಿಗಳಿಗೆ ಕೊಡಿ, ಎರಡು ಬೇರೆ ಬೇರೆ ಕತ್ತಿ ಬರುತ್ತವೆ. ವ್ಯತ್ಯಾಸ ಹದದ್ದು. ಹದ ಏರಿದರೆ ಬಾಯಿ, ಅಂದರೆ ಕಡಿಯುವ ಅಂಚು, ಮುಕ್ಕಾಗುತ್ತದೆ, ಇಳಿದರೆ ಮಡಚುತ್ತದೆ.

ಹದ ಹಾಕುವುದನ್ನು ಒಮ್ಮೆಯಾದರೂ ಎದುರು ನಿಂತು ನೋಡಿ. ಅಲಗಿನ ಬಾಯಿಯ ಉದ್ದಕ್ಕೂ ಕೆಂಪು ಒಂದೇ ಸಮ ಬರುವಂತೆ ಕತ್ತಿಯನ್ನು ಬೆಂಕಿಯಲ್ಲಿ ಹಿಂದೆ ಮುಂದೆ ಎಳೆದಾಡುತ್ತಾರೆ. ಸುಮಾರು 770 ಡಿಗ್ರಿ ದಾಟಿದ ಮೇಲೆ ಉಕ್ಕು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕಿಂತ ಇನ್ನೊಂದಿಷ್ಟು ಕಾಯಬೇಕು. ಅನುಭವಸ್ಥರು ಬಣ್ಣ ನೋಡಿಯೇ ಹೇಳುತ್ತಾರೆ. ಕುಲುಮೆ ಯಾವಾಗಲೂ ಅರೆಗತ್ತಲೆಯಲ್ಲಿರುವುದು ಇದಕ್ಕೇ, ಬಿಸಿಲಿನಲ್ಲಿ ಆ ಕೆಂಪು ಕಾಣುವುದಿಲ್ಲ. ಆಮೇಲೆ ಇಡೀ ಕತ್ತಿಯನ್ನಲ್ಲ, ಬಾಯಿಯ ಒಂದು ಬೆರಳಿನಷ್ಟನ್ನು ಮಾತ್ರ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಚುಂಯ್ ಅನ್ನುವ ಸದ್ದು ನಿಂತ ಕೂಡಲೇ ಹೊರತೆಗೆದು ಕಲ್ಲಿಗೆ ಉಜ್ಜಿ ಬಾಯಿಯನ್ನು ಬೆಳ್ಳಗೆ ಮಾಡುತ್ತಾರೆ. ಬೆನ್ನಿನಲ್ಲಿ ಉಳಿದ ಬಿಸಿ ನಿಧಾನಕ್ಕೆ ಬಾಯಿಯ ಕಡೆ ಇಳಿಯುತ್ತದೆ, ಬೆಳ್ಳಗಾದ ಜಾಗದಲ್ಲಿ ಬಣ್ಣ ಓಡುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕಡೆಗೆ ನೀಲಿ. ಹಳದಿ ಬರುವುದು 220–230 ಡಿಗ್ರಿಗೆ, ನೀಲಿ 300ರ ಸುತ್ತ. ಕಡಿಯುವ ಕತ್ತಿಗೆ ಕಂದು ನೇರಳೆಗೆ ತಿರುಗುವ ಹೊತ್ತಿಗೆ ಮತ್ತೆ ಅದ್ದಿ ನಿಲ್ಲಿಸಬೇಕು. ಅರ್ಧ ನಿಮಿಷವೂ ಹಿಡಿಯದ ಕೆಲಸ, ಕತ್ತಿಯ ಆಯುಷ್ಯ ತೀರ್ಮಾನವಾಗುವುದು ಅಷ್ಟರಲ್ಲೇ. ಹೀಗೆ ಮಾಡಿದ್ದರಲ್ಲಿ ಬಾಯಿ ಗಟ್ಟಿ, ಬೆನ್ನು ಮೆತ್ತಗೆ; ಪೆಟ್ಟು ಬಿದ್ದರೆ ಬೆನ್ನು ತಡೆದುಕೊಳ್ಳುತ್ತದೆ.

ಇದನ್ನು ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ? ಒಂದು ಅರ ಸಾಕು. ಗರಗಸದ ಹಲ್ಲು ಮಸೆಯುವ ಸಣ್ಣ ಮುಮ್ಮೂಲೆ ಅರ ಆದರೂ ನಡೆಯುತ್ತದೆ, ಜೇಬಿನಲ್ಲಿ ಇಟ್ಟುಕೊಳ್ಳಿ. ಕತ್ತಿಯ ಬಾಯಿಯ ಮೇಲೆ ಅರವನ್ನು ಹಗುರವಾಗಿ ಒಮ್ಮೆ ಎಳೆಯಿರಿ.

ಮೊಳೆಯ ಮೇಲೆ ಎಳೆದಂತೆ ಸಲೀಸಾಗಿ ಕಚ್ಚಿ ಪುಡಿ ಉದುರಿದರೆ ಹದ ಇಲ್ಲ, ಅಥವಾ ಕಬ್ಬಿಣವೇ ಮೆತ್ತನೆಯದು. ಗಾಜಿನ ಮೇಲೆ ಎಳೆದಂತೆ ಕಿರ್ರ್ ಎಂದು ಜಾರಿಹೋದರೆ ಹದ ವಿಪರೀತ ಏರಿದೆ, ಗಂಟಿಗೆ ಬಡಿದ ದಿನ ಚೂರು ಹಾರುತ್ತದೆ. ಸ್ವಲ್ಪ ಒತ್ತಿದರೆ ಮಾತ್ರ ಕಚ್ಚುತ್ತದೆ ಅಂತಾದರೆ ಅದು ಸರಿಯಾದ ಹದ. ಬುಡ, ನಡು, ಮೂತಿ ಮೂರು ಕಡೆಯೂ ನೋಡಿ. ಬುಡದಲ್ಲಿ ಹದ ಇದ್ದು ಮೂತಿಯಲ್ಲಿ ಇಲ್ಲದ ಕತ್ತಿಗಳು ಬಹಳ. ಕೊನೆಗೆ ಬೆನ್ನಿನ ಮೇಲೂ ಎಳೆಯಿರಿ. ಅಲ್ಲಿ ಅರ ಸುಲಭವಾಗಿ ಕಚ್ಚಬೇಕು. ಅಂಗಡಿಯವರು ಗುರ್ ಎಂದು ನೋಡಿದರೆ ಮೊದಲೇ ಕೇಳಿಕೊಂಡು ಮಾಡಿ. ತಾನು ಮಾಡಿದ ಕತ್ತಿಯ ಮೇಲೆ ಭರವಸೆ ಇರುವ ಆಚಾರಿ ತಾನೇ ಅರ ಕೊಡುತ್ತಾನೆ.

ಗ್ರೈಂಡರ್ ಸುಟ್ಟ ಗುರುತನ್ನೂ ಹುಡುಕಿ. ಈಗ ಹೆಚ್ಚಿನವರು ಬಾಯಿಯನ್ನು ಮಸೆಗಲ್ಲಿನಲ್ಲಿ ಅಲ್ಲ, ಆಂಗಲ್ ಗ್ರೈಂಡರ್‌ನಲ್ಲಿ ತೆಗೆಯುತ್ತಾರೆ. ಅವಸರಕ್ಕೆ ಒತ್ತಿ ಹಿಡಿದರೆ ತೆಳು ಬಾಯಿ ಕ್ಷಣದಲ್ಲಿ ನೀಲಿಯಾಗುತ್ತದೆ, ಅಂದರೆ ಕಷ್ಟಪಟ್ಟು ಹಾಕಿದ ಹದ ಅಷ್ಟು ಜಾಗದಲ್ಲಿ ಹೋಯಿತು. ಬಾಯಂಚಿನಲ್ಲಿ ಅಲ್ಲಲ್ಲಿ ನೀಲಿ, ಕಂದು ಕಲೆ ಕಂಡರೆ ಬೇರೆ ಕತ್ತಿ ಎತ್ತಿಕೊಳ್ಳಿ. ಹೊಳಪಿಗಾಗಿ ಇಡೀ ಅಲಗನ್ನು ಪಾಲಿಶ್ ಮಾಡಿದ್ದರೆ ಈ ಕಲೆಯೂ ಮುಚ್ಚಿಹೋಗಿರುತ್ತದೆ. ಕಪ್ಪು ಚಕ್ಕೆ ಹಾಗೇ ಉಳಿದ, ಸುತ್ತಿಗೆಯ ಗುರುತು ಕಾಣುವ ಕತ್ತಿಯನ್ನು ನಾನು ಹೆಚ್ಚು ನಂಬುವುದು ಅದಕ್ಕೇ.

ಕಡೆಯ ಪರೀಕ್ಷೆ ಮನೆಯಲ್ಲಿ. ಒಣ ಗಂಟೊಂದಕ್ಕೆ ಜೋರಾಗಿ ಹತ್ತಿಪ್ಪತ್ತು ಪೆಟ್ಟು ಹಾಕಿ, ಬಾಯಿಯನ್ನು ಮೇಲ್ಮುಖ ಮಾಡಿ ಬೆಳಕಿಗೆ ಹಿಡಿದು ನೋಡಿ. ಹರಿತವಾದ ಅಂಚು ಬೆಳಕನ್ನು ತಿರುಗಿಸುವುದಿಲ್ಲ, ಕಪ್ಪು ಗೆರೆಯಾಗಿ ಕಾಣುತ್ತದೆ. ಎಲ್ಲಿ ಮಿಂಚುತ್ತದೆಯೋ ಅಲ್ಲಿ ಮಡಚಿದೆ ಅಥವಾ ಮುಕ್ಕಾಗಿದೆ. ಉಗುರಿನ ಮೇಲೆ ಮೆಲ್ಲಗೆ ಎಳೆದರೆ ಯಾವುದು ಅಂತ ಗೊತ್ತಾಗುತ್ತದೆ: ಮಡಚಿದ್ದು ಒಂದೇ ಬದಿಗೆ ಕೆರೆಯುತ್ತದೆ, ಮುಕ್ಕಾದದ್ದು ತಡೆದು ನಿಲ್ಲುತ್ತದೆ. ಅಲ್ಪಸ್ವಲ್ಪ ಇದ್ದರೆ ಮಸೆದು ಸರಿಮಾಡಬಹುದು. ಬಾಯಿಯುದ್ದಕ್ಕೂ ಹಾಗೇ ಇದ್ದರೆ ವಾಪಸ್ ಒಯ್ಯಿರಿ. “ಹದ ಸರಿ ಬಾರದಿದ್ದರೆ ಇನ್ನೊಮ್ಮೆ ಹಾಕಿಕೊಡ್ತೀರಲ್ಲ?” ಅಂತ ಕೊಳ್ಳುವಾಗಲೇ ಕೇಳಿಟ್ಟುಕೊಂಡರೆ ವಾದ ಇಲ್ಲ. ಊರಿನ ಕುಲುಮೆಯಲ್ಲಿ ಕೊಳ್ಳುವುದರ ಲಾಭ ಇದೇ. ಕೊರಿಯರ್‌ನಲ್ಲಿ ಬಂದ ಕತ್ತಿಗೆ ಹದ ಹಾಕುವವರು ಯಾರು?

ಬಾಯಿಯ ಕೋನ, ಅಲಗಿನ ಆಕಾರ

ಅಡುಗೆಮನೆಯ ಚಾಕುವಿನಷ್ಟು ತೆಳುವಾದ ಬಾಯಿ ಸೌದೆಗೆ ನಿಲ್ಲುವುದಿಲ್ಲ. ಎರಡೂ ಬದಿ ಸೇರಿ 40ರಿಂದ 45 ಡಿಗ್ರಿ ಕೋನ ಇರಬೇಕು. ಅಳೆಯಲು ಸಾಧನ ಬೇಡ: ಚೌಕ ಕಾಗದದ ಮೂಲೆ 90 ಡಿಗ್ರಿ, ಅದನ್ನು ನಡುವೆ ಮಡಚಿದರೆ 45. ಆ ಮೂಲೆಯನ್ನು ಬಾಯಿಯ ಪಕ್ಕ ಹಿಡಿದು ಹೋಲಿಸಿ. ಅಂಚಿನ ಹಿಂದಿನ ಭಾಗ ಚಪ್ಪಟೆಯಾಗಿರುವುದಕ್ಕಿಂತ ಸ್ವಲ್ಪ ಉಬ್ಬಿದ್ದರೆ ಒಳ್ಳೆಯದು. ಉಬ್ಬು ಮರವನ್ನು ಬದಿಗೆ ತಳ್ಳುತ್ತದೆ, ಕತ್ತಿ ಸಿಕ್ಕಿಕೊಳ್ಳುವುದಿಲ್ಲ. ಕತ್ತಿ ಸಿಕ್ಕಿಕೊಂಡು ಅದನ್ನು ಅಲ್ಲಾಡಿಸಿ ಕೀಳುವ ಹೊತ್ತಿಗೇ ಹೆಚ್ಚಿನ ಹಿಡಿಗಳು ಸಡಿಲಾಗುವುದು.

ಕೆಲವು ಕತ್ತಿಗಳಿಗೆ ಒಂದೇ ಮಗ್ಗುಲಲ್ಲಿ ಬಾಯಿ ತೆಗೆದಿರುತ್ತಾರೆ. ಗೂಟ ಚೂಪು ಮಾಡಲು, ಮರದ ಮೈ ಕೆತ್ತಲು ಅದು ಚೆನ್ನ. ಆದರೆ ಅದು ಬಲಗೈಯವರ ಲೆಕ್ಕದಲ್ಲಿ ಮಾಡಿದ್ದು. ಎಡಗೈಯವರು ಬೀಸಿದರೆ ಅಲಗು ಮರ ಕಚ್ಚದೆ ಜಾರುತ್ತದೆ. ಬರೀ ಸೌದೆಗೆ ಎರಡು ಬದಿಯ ಬಾಯಿಯೇ ಆಗಲಿ.

ಆಕಾರದ ಬಗ್ಗೆ ವಾದ ಎಂದಿಗೂ ಮುಗಿಯುವುದಿಲ್ಲ, ಊರಿಗೊಂದು ಮಾದರಿ. ಮೂತಿ ಮುಂದಕ್ಕೆ ಕೊಕ್ಕಿನಂತೆ ಬಾಗಿದ ಮಲೆನಾಡಿನ ಕತ್ತಿ ಗೆಲ್ಲನ್ನು ಎಳೆದು ಸವರಲು ಅನುಕೂಲ, ಮುಳ್ಳಿನ ಪೊದೆಗೆ ಕೈ ಹಾಕದೆ ಎಳೆದುಕೊಳ್ಳಬಹುದು. ಆ ಬಾಗಿನ ಒಳಬದಿ ಮಸೆಯುವುದು ಮಾತ್ರ ಕಷ್ಟ, ದುಂಡು ಅರ ಬೇಕು. ನೆಟ್ಟಗಿನ ಅಲಗು ಮಸೆಯಲು ಸುಲಭ. ಮುಂಭಾಗ ಅಗಲವಾಗಿ ಹೊಟ್ಟೆ ಬಂದದ್ದು ಕಡಿಯಲು ಒಳ್ಳೆಯದು, ಯಾಕೆಂದರೆ ತೂಕ ಪೆಟ್ಟು ಬೀಳುವ ಜಾಗದಲ್ಲೇ ಇರುತ್ತದೆ. ಅಲಗನ್ನು ಬೆರಳಿನ ಮೇಲೆ ಅಡ್ಡ ಇಟ್ಟು ಎಲ್ಲಿ ಸಮತೂಕ ಬರುತ್ತದೆ ನೋಡಿ. ಹಿಡಿಯ ಬಾಯಿಯಿಂದ ಮೂರು ನಾಲ್ಕು ಬೆರಳು ಮುಂದೆ ಬಂದರೆ ಅದು ಕಡಿಯುವ ಕತ್ತಿ, ಹಿಡಿಯ ಹತ್ತಿರವೇ ಬಂದರೆ ಸವರುವ ಕತ್ತಿ.

ಕೊಡಗಿನ ಅಂಗಡಿಗಳಲ್ಲಿ ಅಲಂಕಾರಕ್ಕೆ ಮಾರುವ ಒಡಿಕತ್ತಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ನೋಡಿ ಮರುಳಾಗಬೇಡಿ. ಮದುವೆಯಲ್ಲಿ ಬಾಳೆ ಕಡಿಯುವ ಒಡಿಕತ್ತಿಗೆ ಅದರದ್ದೇ ಗೌರವ ಇದೆ, ಅದು ಸೌದೆಗೆ ಅಲ್ಲ. ಗೋಡೆಗೆ ಹಾಕಲೆಂದು ಮಾಡಿದ್ದರಲ್ಲಿ ಹದ ಹುಡುಕುವುದೂ ತಪ್ಪು.

ಹಿಡಿ ಮತ್ತು ಅದರೊಳಗೆ ಹೋದ ಬಾಲ

ಕತ್ತಿ ಮುರಿಯುವುದು ಅಪರೂಪ. ಹಿಡಿಯಿಂದ ಹಾರಿಹೋಗುವುದು ಅಪರೂಪವಲ್ಲ. ಅಪಾಯ ಇರುವುದೂ ಅಲ್ಲೇ. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಅಂತ ಕೇಳಿ. ಆಚೆ ತುದಿಯಿಂದ ಹೊರಬಂದು ಮಡಚಿ ಬಡಿದಿದ್ದರೆ ಉತ್ತಮ. ಪಟ್ಟಿ ಪೂರ್ತಿ ಅಗಲಕ್ಕೆ ಹಿಡಿಯವರೆಗೂ ಬಂದು ಎರಡು ಬದಿಗೂ ಮರ ಕೂರಿಸಿ ಮೂರು ರಿವೆಟ್ ಹೊಡೆದಿದ್ದರೆ ಅದೂ ಗಟ್ಟಿ, ಆದರೆ ಕೈಗೆ ಅದುರು ಹೆಚ್ಚು ಬಡಿಯುತ್ತದೆ. ಬೇಡವೇ ಬೇಡ ಅನ್ನಬೇಕಾದದ್ದು ಅಲಗಿನ ಬುಡಕ್ಕೆ ಸರಳಿನ ತುಂಡು ವೆಲ್ಡ್ ಮಾಡಿದ್ದು. ಹಿಡಿ ಮತ್ತು ಅಲಗು ಸೇರುವಲ್ಲಿ ಬೆರಳಾಡಿಸಿ. ಉಬ್ಬುಗಂಟಿನ ಹಾಗೆ ವೆಲ್ಡಿಂಗ್ ಗುರುತು ಸಿಕ್ಕಿದರೆ, ಅಥವಾ ಅಲ್ಲಿ ಮಾತ್ರ ದಪ್ಪಗೆ ಬಣ್ಣ ಬಳಿದಿದ್ದರೆ ಕೆಳಗಿಡಿ. ಬಾಲದ ಬುಡದ ಮೂಲೆಗಳು ಚೂಪಾಗಿ ಕತ್ತರಿಸಿದಂತೆ ಇರಬಾರದು, ಸ್ವಲ್ಪ ದುಂಡಗೆ ಇಳಿದಿರಬೇಕು. ಬಿರುಕು ಶುರುವಾಗುವುದು ಚೂಪು ಮೂಲೆಯಿಂದ.

ಮರ ಹುಣಸೆ, ಪೇರಳೆ, ದಿಂಡಿಗದಂಥ ಸೀಳದ ಜಾತಿಯದ್ದಾಗಿರಲಿ, ಎಳೆ ಹಿಡಿಯ ಉದ್ದಕ್ಕೇ ಹೋಗಿರಲಿ. ಅಲಗು ಒಳಹೋಗುವ ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಬಿಗಿಯಾಗಿ ಕೂತಿರಬೇಕು. ಹಿಡಿ ಉರುಟಾಗಿದ್ದರೆ ಬೆವರಿದ ಕೈಯಲ್ಲಿ ತಿರುಗುತ್ತದೆ. ಮೊಟ್ಟೆಯಾಕಾರದ್ದಾದರೆ ಕಣ್ಣುಮುಚ್ಚಿ ಹಿಡಿದರೂ ಬಾಯಿ ಯಾವ ಕಡೆ ಇದೆ ಅಂತ ಕೈಗೆ ತಿಳಿಯುತ್ತದೆ. ತುದಿ ಸ್ವಲ್ಪ ದಪ್ಪಗಿದ್ದರೆ ಜಾರುವುದಿಲ್ಲ. ಮಿರಿಮಿರಿ ವಾರ್ನಿಷ್ ಬೊಬ್ಬೆ ಬರಿಸುತ್ತದೆ, ಗಾಜಿನ ಚೂರಿನಿಂದ ಕೆರೆದು ಅಗಸೆಎಣ್ಣೆ ಕುಡಿಸಿ.

ಹಿಡಿ ಚೆನ್ನಾಗಿಲ್ಲ, ಅಲಗು ಮಾತ್ರ ಬಂಗಾರ ಅನ್ನಿಸಿದರೆ ಬಿಡಬೇಡಿ. ಹಿಡಿ ಬದಲಿಸುವುದು ಅಗ್ಗ, ಅಲಗು ಬದಲಿಸಲಾಗುವುದಿಲ್ಲ. ಅದೇ ಕಾರಣಕ್ಕೆ ಹಿಡಿಯಿಲ್ಲದ ಅಲಗನ್ನೇ ಕೊಳ್ಳುವುದೂ ಜಾಣತನ: ಬಾಲ ಕಣ್ಣಿಗೆ ಕಾಣುತ್ತದೆ, ದಾರ ಕಟ್ಟಿ ನೇತಾಡಿಸಿ ತಟ್ಟಿದರೆ ದನಿಯೂ ಕೇಳುತ್ತದೆ. ಬಿರುಕಿಲ್ಲದ ಅಲಗು ಟಣ್ ಎಂದು ಎಳೆಯುತ್ತದೆ, ಬಿರುಕು ಬಿಟ್ಟದ್ದು ಡಬ್ ಎಂದು ನಿಲ್ಲುತ್ತದೆ.

ಆನ್‌ಲೈನ್‌ನಲ್ಲಿ ತರಿಸುವುದಾದರೆ

ಬೆಂಗಳೂರಿನಲ್ಲಿ ಕೂತು ಸಕಲೇಶಪುರದ ತೋಟಕ್ಕೆ ಕತ್ತಿ ಹುಡುಕುವವರಿಗೆ ಕುಲುಮೆ ಹತ್ತಿರ ಇರುವುದಿಲ್ಲ. ಪರದೆಯ ಮೇಲೆ ಮೂರು ಅಂಕಿ ಹುಡುಕಿ: ಬೆನ್ನಿನ ದಪ್ಪ, ತೂಕ, ಉಕ್ಕಿನ ಹೆಸರು. ಮೂರರಲ್ಲಿ ಎರಡು ಇಲ್ಲದಿದ್ದರೆ ಮುಂದಕ್ಕೆ ಹೋಗಿ. ಉಕ್ಕಿನ ಹೆಸರಿನ ಜಾಗದಲ್ಲಿ 1070, 1075, 5160, ಇಎನ್45 ಇಂಥವು ಇದ್ದರೆ ಕಡಿಯಲು ಸರಿ. ರಾಕ್‌ವೆಲ್ ಸಿ (HRC) ಅಳತೆಯ ಗಟ್ಟಿತನ ಕೊಟ್ಟಿದ್ದರೆ 52ರಿಂದ 57ರ ನಡುವೆ ಇರಲಿ. ಬರೀ ‘ಹೈ ಕ್ವಾಲಿಟಿ ಸ್ಟೇನ್‌ಲೆಸ್’ ಅಂದರೆ ಅದು ಉತ್ತರವಲ್ಲ. ಅಗ್ಗದ ದೊಡ್ಡ ಕತ್ತಿಗಳಲ್ಲಿ ಹಾಕುವ 420 ಜಾತಿಯ ಸ್ಟೇನ್‌ಲೆಸ್ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ, ಹರಿತವನ್ನೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಬ್ರೆಜಿಲ್‌ನ ಟ್ರಮೊಂಟಿನಾದಂಥ ಕಂಪನಿಗಳ ಮಚೆಟೆ 1070 ಉಕ್ಕಿನದ್ದು, ಬೆಲೆಗೆ ಒಳ್ಳೆ ಮಾಲು. ಆದರೆ ಅದರ ದಪ್ಪ ಸುಮಾರು 2 ಮಿಲಿಮೀಟರ್ ಅಷ್ಟೇ. ಹುಲ್ಲು, ಪೊದೆ, ಹಸಿ ಗೆಲ್ಲಿಗೆ ಮಾಡಿದ್ದು. ಒಣ ಸೌದೆಗೆ ಬಡಿದರೆ ಅದುರಿ ಕೈ ನೋಯುತ್ತದೆ. ನೇಪಾಳದ ಖುಕುರಿ ಸೌದೆಗೆ ಹೇಳಿ ಮಾಡಿಸಿದ್ದು, ಅದೂ ಹೆಚ್ಚಾಗಿ ಕಮಾನು ಪಟ್ಟಿಯದ್ದೇ, ಹದ ಹಾಕುವಾಗ ಬಾಯಿಯ ಮೇಲೆ ಮಾತ್ರ ಕೆಟಲಿನಿಂದ ನೀರು ಸುರಿಯುತ್ತಾರೆ. ಪ್ರವಾಸಿಗರಿಗೆ ಮಾರುವ ಹಿತ್ತಾಳೆ ಸಿಂಹದ ತಲೆಯ ಖುಕುರಿ ಮಾತ್ರ ತಪ್ಪಿಸಿ. ಹಾಗೆಯೇ ಸಾವಿರ ರೂಪಾಯಿಯ ‘ಡಮಾಸ್ಕಸ್’ ಅಂದರೆ ಪದರ ಉಕ್ಕಿನ ಅಲೆಗಳು ಎಷ್ಟೋ ಸಲ ಆಸಿಡ್‌ನಲ್ಲೋ ಲೇಸರ್‌ನಲ್ಲೋ ಬರೆದ ಚಿತ್ರ. ಟೊಳ್ಳು ಹಿಡಿಯೊಳಗೆ ದಿಕ್ಸೂಚಿ, ಬೆಂಕಿಪೊಟ್ಟಣ ಇಟ್ಟದ್ದಂತೂ ಆಟಿಕೆ. ಹಿಡಿ ಟೊಳ್ಳಾದರೆ ಬಾಲ ಎಲ್ಲಿಗೆ ಹೋಗಬೇಕು?

ದಾರಿಯಲ್ಲಿ ತರುವಾಗ

1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ, ಮನೆಗೆಲಸಕ್ಕೆ ಮತ್ತು ಕೃಷಿಗೆ ಮಾಡಿದ್ದನ್ನು ಬಿಟ್ಟು. ನಿಮ್ಮ ಸೌದೆ ಕತ್ತಿ ಆ ಬಿಟ್ಟ ಪಟ್ಟಿಯಲ್ಲಿದೆ. ಆದರೂ ಪೇಟೆಯಲ್ಲಿ ರಾತ್ರಿ ಬೈಕಿನ ಸೀಟಿನ ಕೆಳಗೆ ಮಚ್ಚು ಸಿಕ್ಕರೆ ಅದು ತೋಟದ್ದು ಅಂತ ವಿವರಿಸುವ ಕಷ್ಟ ನಿಮ್ಮದೇ. ಬಿಲ್ಲು ಇಟ್ಟುಕೊಳ್ಳಿ, ಗೋಣಿಯಲ್ಲಿ ಸುತ್ತಿ ಕಟ್ಟಿ ನೇರ ಮನೆಗೆ ತನ್ನಿ. ‘ಲಾಂಗು’ ಅನ್ನಿಸುವ ಆಕಾರ, ಕಪ್ಪು ಬಣ್ಣ, ಬೆನ್ನಿನ ಕಡೆಯೂ ಬಾಯಿ ಇರುವುದನ್ನು ಕೊಳ್ಳದಿರಲು ಇದೂ ಒಂದು ಕಾರಣ. ವಿಮಾನದಲ್ಲಾದರೆ ಚೆಕ್-ಇನ್ ಚೀಲದಲ್ಲಿ ಮಾತ್ರ.

ಮನೆಗೆ ಬಂದ ಮೇಲೆ

ಹೊಸ ಕತ್ತಿ ಸಾಮಾನ್ಯವಾಗಿ ಒರಟು ಬಾಯಿಯಲ್ಲಿ ಬರುತ್ತದೆ. ಮೊದಲು ಅರದಿಂದ ಕೋನ ಸರಿಮಾಡಿ, ಆಮೇಲೆ ನೀರು ಹಾಕಿದ ಮಸೆಗಲ್ಲಿನ ಮೇಲೆ ಎರಡು ಬದಿಯನ್ನೂ ಸಮವಾಗಿ ಎಳೆಯಿರಿ. ರೋಮ ಹಾರುವಷ್ಟು ಹರಿತ ಬೇಡ, ಕಾಗದ ಸೀಳಿದರೆ ಸಾಕು. ದಿನದ ಕೆಲಸ ಮುಗಿದ ಮೇಲೆ ನಾಲ್ಕೆಳೆ ಮಸೆಯುವ ಅಭ್ಯಾಸ ಇದ್ದರೆ ವರ್ಷಗಟ್ಟಲೆ ಸಾಣೆಗೆ ಕೊಡಬೇಕಾಗಿಲ್ಲ.

ಕಡಿಯುವಾಗ ಅಡಿಗೆ ಮರದ ಕೊರಡು ಇಡಿ, ಕಲ್ಲಲ್ಲ. ಗೆಲ್ಲಿಗೆ ನೇರ ಅಡ್ಡ ಹೊಡೆಯದೆ ಓರೆಯಾಗಿ, ಸುಮಾರು 45 ಡಿಗ್ರಿಗೆ ಹೊಡೆಯಿರಿ. ಎಳೆಗಳು ಅಡ್ಡ ತುಂಡಾಗುವುದಕ್ಕಿಂತ ಓರೆಗೆ ಸುಲಭವಾಗಿ ಬಿಡುತ್ತವೆ. ಪೆಟ್ಟು ತಪ್ಪಿದರೆ ಕತ್ತಿ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಬೀಸುವ ಮುನ್ನವೇ ನೋಡಿಕೊಳ್ಳಿ, ಆ ದಾರಿಯಲ್ಲಿ ಮೊಣಕಾಲು ಇರಬಾರದು. ಸೌದೆ ಸೀಳುವಾಗ ಬಾಯನ್ನು ತುದಿಗೆ ಕೂರಿಸಿ ಬೆನ್ನಿನ ಮೇಲೆ ಮರದ ಕೊಡತಿಯಿಂದ ಬಡಿಯಬಹುದು. ಸುತ್ತಿಗೆಯಿಂದ ಬೇಡ, ಬೆನ್ನು ಹೊರಳುತ್ತದೆ. ಇನ್ನೊಬ್ಬರಿಗೆ ಕೊಡುವಾಗ ಕೈಯಿಂದ ಕೈಗೆ ಕೊಡದೆ ನೆಲದಲ್ಲಿಡುವ ಹಿರಿಯರ ಕ್ರಮ ಹಾಗೇ ಮುಂದುವರಿಯಲಿ.

ಹಲಸಿನ ಮೇಣ, ಅಂಟು ಹತ್ತಿದರೆ ಕೊಬ್ಬರಿ ಎಣ್ಣೆ ಸವರಿ ಒರೆಸಿ. ಮಳೆಗಾಲದಲ್ಲಿ ಒದ್ದೆ ಒರೆಯೊಳಗೆ ಕತ್ತಿ ಬಿಡಬೇಡಿ. ಚರ್ಮದ ಒರೆ ನೀರು ಹಿಡಿದು ಒಂದೇ ವಾರದಲ್ಲಿ ತುಕ್ಕು ತರುತ್ತದೆ. ಸೊಂಟಕ್ಕೆ ಕಟ್ಟುವ ಮರದ ಕತ್ತಿಕೊಕ್ಕೆ ಈ ವಿಷಯದಲ್ಲಿ ಎಲ್ಲ ಒರೆಗಳಿಗಿಂತ ಮೇಲು, ಅದರಲ್ಲಿ ಅಲಗು ಗಾಳಿಗೆ ಒಣಗುತ್ತದೆ.

ಒಂದು ಎಚ್ಚರ: ಹಿಡಿ ಮುರಿದಾಗ ಒಳಗೆ ಉಳಿದ ಚೂರನ್ನು ತೆಗೆಯಲು ಬಾಲವನ್ನು ಒಲೆಗೆ ಹಾಕುವವರಿದ್ದಾರೆ. ಬಿಸಿ ಅಲಗಿಗೆ ಏರಿ ಹದ ಇಳಿದುಹೋಗುತ್ತದೆ. ಉಳಿಯಿಂದ ಸೀಳಿ ತೆಗೆಯಿರಿ, ಸುಡಲೇಬೇಕಾದರೆ ಅಲಗಿಗೆ ಒದ್ದೆ ಗೋಣಿ ಸುತ್ತಿ, ಗೋಣಿ ಒಣಗದಂತೆ ನೀರು ಹಾಕುತ್ತಿರಿ.

ವರ್ಷಗಳ ಮಸೆತದಲ್ಲಿ ಗಟ್ಟಿ ಬಾಯಿಯ ಆ ಒಂದು ಬೆರಳಗಲ ಸವೆದು ಮುಗಿಯುತ್ತದೆ. ಎಷ್ಟು ಮಸೆದರೂ ಹರಿತ ಅರ್ಧ ದಿನವೂ ನಿಲ್ಲದಿದ್ದರೆ ಮೆತ್ತನೆ ಬೆನ್ನಿನ ಭಾಗಕ್ಕೆ ಬಂದಿದ್ದೀರಿ ಅಂತ ಅರ್ಥ. ಆಗ ಹೊಸದು ಕೊಳ್ಳಬೇಡಿ. ಅಲಗಿನಲ್ಲಿ ಅಗಲ ಉಳಿದಿದ್ದರೆ ಆಚಾರಿಯ ಹತ್ತಿರ ಒಯ್ದು ಮತ್ತೆ ತಟ್ಟಿಸಿ ಹದ ಹಾಕಿಸಿ. ಆಯುಧಪೂಜೆಯ ಹಿಂದಿನ ವಾರ ಮತ್ತು ಮಳೆ ಹಿಡಿಯುವ ಮುಂಚಿನ ದಿನಗಳಲ್ಲಿ ಕುಲುಮೆಯ ಮುಂದೆ ಸಾಲು ಇರುತ್ತದೆ. ನಡುಬೇಸಿಗೆಗೆ ಮೊದಲು ಹೋದರೆ ಹದಕ್ಕೆ ಬೇಕಾದಷ್ಟು ಹೊತ್ತು ಕೊಡುತ್ತಾರೆ.